ಕೆಆರ್‌ಎಸ್‌ಗಿಂತ ಮುಂಚೆ ಒಂದು ಬಾವಿ: ಸರ್ ಎಂ.ವಿ. ಮತ್ತು ಪರವೂರಿನ ನೀರು

ಹಾರಂಗಿ ಡ್ಯಾಮಿನ ಗೇಟು ತೆಗೆದ್ರೆ ಆ ನೀರು ಎಲ್ಲಿಗೆ ಹೋಗುತ್ತೆ?

ಪುಷ್ಪಗಿರಿ ಬೆಟ್ಟಗಳ ಕಡೆಯಿಂದ ಇಳಿದು ಬರೋ ಹಾರಂಗಿ ಹೊಳೆ ಕುಶಾಲನಗರದ ಹತ್ತಿರ ಹುದುಗೂರಿನಲ್ಲಿ ಅಣೆಕಟ್ಟಿಗೆ ಬಂದು ನಿಲ್ಲುತ್ತೆ. 1982ರಲ್ಲಿ ಮುಗಿದ ಈ ಡ್ಯಾಮಲ್ಲಿ ಸುಮಾರು 8.5 ಟಿಎಂಸಿ ನೀರು ಹಿಡಿಯುತ್ತೆ. ಅಲ್ಲಿಂದ ಹೊಳೆಗೆ ಬಿಟ್ಟ ನೀರು ಸ್ವಲ್ಪ ಕೆಳಗೆ ಕೂಡಿಗೆಯಲ್ಲಿ ಕಾವೇರಿಗೆ ಸೇರುತ್ತೆ. ಕಾವೇರಿ ಕೆಆರ್‌ಎಸ್‌ಗೆ ಹೋಗುತ್ತೆ. ಅಲ್ಲಿಂದ ಇನ್ನೂ ಕೆಳಗೆ ಹರಿದ ನೀರಲ್ಲಿ ಒಂದು ಪಾಲನ್ನ ತೊರೆಕಾಡನಹಳ್ಳಿಯಲ್ಲಿ ಶುದ್ಧ ಮಾಡಿ, ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಮೇಲಕ್ಕೆ ಪಂಪ್ ಮಾಡಿದ್ರೆ ಅದು ಬೆಂಗಳೂರಿನ ನಲ್ಲಿ.

ಹಾರಂಗಿ ಹಿನ್ನೀರು ಮಳೆಗಾಲ ಕಳೆದ ಮೇಲೆ ನೋಡೋಕೆ ತಿಳಿಯಾಗಿರುತ್ತೆ. ಟೂರಿಗೆ ಬಂದವರಿಗೆ ಒಂದು ಬೊಗಸೆ ಎತ್ತಿ ಕುಡಿಯೋಣ ಅನ್ಸುತ್ತೆ. ಆದ್ರೆ ಅದೇ ನೀರನ್ನ ಬೆಂಗಳೂರು ಇಷ್ಟೆಲ್ಲಾ ಶುದ್ಧ ಮಾಡಿಯೇ ಕುಡಿಯೋದು. ಯಾಕಂದ್ರೆ ತಿಳಿ ನೀರು ಬೇರೆ, ಶುದ್ಧ ನೀರು ಬೇರೆ. ಮೇಲ್ಗಡೆ ಯಾವ ತೋಟ ಇದೆ, ಯಾವ ಊರಿನ ಚರಂಡಿ ಇದೆ, ಯಾವ ದನ ನೀರಿಗೆ ಇಳಿದಿದೆ ಅನ್ನೋದು ಕಣ್ಣಿಗೆ ಕಾಣಲ್ಲ.

ಈ ನೀರು ಕುಡಿಬಹುದಾ ಅನ್ನೋದು ಊರು ಬಿಟ್ಟು ಹೊರಟ ಪ್ರತಿಯೊಬ್ಬರೂ ಕೇಳಬೇಕಾದ ಮೊದಲ ಪ್ರಶ್ನೆ. ಕುಶಾಲನಗರಕ್ಕೆ ಬಸ್ ಹತ್ತಿದವರಿಗೂ ಅಷ್ಟೇ, ಎಂಎಸ್ ಮಾಡೋಕೆ ಫ್ಲೈಟ್ ಹತ್ತೋ ನಮ್ಮ ಸೀನಿಯರ್ಸ್‌ಗೂ ಅಷ್ಟೇ. ಒಬ್ಬ ಎಂಜಿನಿಯರ್ ಈ ಪ್ರಶ್ನೆಗೆ ತನ್ನದಲ್ಲದ ಎಷ್ಟೋ ಊರುಗಳಲ್ಲಿ ಉತ್ತರ ಹುಡುಕಿದ್ರು. ಸೆಪ್ಟೆಂಬರ್ 15 ಬಂದಾಗ ನಾವು ಅವರ ಫೋಟೋಗೆ ಹಾರ ಹಾಕಿ, ಕೆಆರ್‌ಎಸ್ ಬಗ್ಗೆ ಎರಡು ಭಾಷಣ ಮಾಡಿ, ಕ್ವಿಜ್ ಮುಗಿಸಿ ಮನೆಗೆ ಹೋಗ್ತೀವಿ. ಆದ್ರೆ ಸರ್ ಎಂ. ವಿಶ್ವೇಶ್ವರಯ್ಯನವರ ಜೀವನದಲ್ಲಿ ಕೆಆರ್‌ಎಸ್ ಬಂದಿದ್ದು ತುಂಬಾ ತಡವಾಗಿ. ಅದಕ್ಕೂ ಮುಂಚೆ ಇಪ್ಪತ್ತೈದು ವರ್ಷದ ಕಥೆ ಇದೆ. ಆ ಕಥೆಯಲ್ಲಿ ಕುಡಿಯೋ ನೀರಿಗೆ ದೊಡ್ಡ ಪಾಲಿದೆ.

ಮುದ್ದೇನಹಳ್ಳಿಯಿಂದ ಪುಣೆಗೆ

ವಿಶ್ವೇಶ್ವರಯ್ಯ ಹುಟ್ಟಿದ್ದು ಇವತ್ತಿನ ಚಿಕ್ಕಬಳ್ಳಾಪುರ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ. ತಂದೆ ಶ್ರೀನಿವಾಸ ಶಾಸ್ತ್ರಿ ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮ. ಹುಡುಗ ಇನ್ನೂ ಶಾಲೆಯಲ್ಲಿ ಇರುವಾಗಲೇ ತಂದೆ ತೀರಿಕೊಂಡರು. ಮನೆಯಲ್ಲಿ ದುಡ್ಡಿರಲಿಲ್ಲ. ಸೋದರಮಾವನ ಆಸರೆಯಲ್ಲಿ ಬೆಂಗಳೂರಿಗೆ ಬಂದು ಓದು ಮುಂದುವರಿಸಿದರು.

ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಖರ್ಚಿಗೆ ಅವರು ಕಂಡುಕೊಂಡ ದಾರಿ ಟ್ಯೂಷನ್. ಅದರಲ್ಲಿ ಕೊಡಗಿನ ನಂಟೂ ಇದೆ. ಬೆಂಗಳೂರಿನಲ್ಲಿ ನೆಲೆಸಿದ್ದ ಕೊಡಗಿನ ಒಂದು ಕುಟುಂಬದ ಮಕ್ಕಳಿಗೆ ಪಾಠ ಹೇಳಿಕೊಡ್ತಾ ತಮ್ಮ ಓದು ಸಾಗಿಸಿದರು. ಮುಂದೆ ಕೊಡಗಿನ ನೀರಿಗೆ ಕನ್ನಂಬಾಡಿಯಲ್ಲಿ ಕಟ್ಟೆ ಕಟ್ಟಿಸಿದವರ ಕಾಲೇಜು ದಿನಗಳನ್ನ ದಾಟಿಸಿದ್ದು ಕೊಡಗಿನದೇ ಒಂದು ಮನೆ.

1881ರಲ್ಲಿ ಬಿಎ ಮುಗೀತು. ಮೈಸೂರು ಸರ್ಕಾರದ ಸ್ಕಾಲರ್‌ಶಿಪ್ ಸಿಕ್ಕಿ ಪುಣೆಯ ಕಾಲೇಜ್ ಆಫ್ ಸೈನ್ಸ್‌ಗೆ ಹೋದರು. ಅಲ್ಲಿ 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾಗಿ ಪಾಸಾದರು. 1884ರಲ್ಲಿ ಬಾಂಬೆ ಪ್ರೆಸಿಡೆನ್ಸಿಯ ಲೋಕೋಪಯೋಗಿ ಇಲಾಖೆಯಲ್ಲಿ ಅಸಿಸ್ಟೆಂಟ್ ಎಂಜಿನಿಯರ್ ಕೆಲಸ ಸಿಕ್ತು.

ಆ ಎರಡು ವರ್ಷಗಳನ್ನ ಸ್ವಲ್ಪ ನೆನಪಿಟ್ಟುಕೊಳ್ಳಿ. 1883ರಲ್ಲಿ ರಾಬರ್ಟ್ ಕಾಖ್ ಅನ್ನೋ ಜರ್ಮನ್ ವಿಜ್ಞಾನಿ ಕಾಲರಾ ಹುಡುಕಿಕೊಂಡು ಈಜಿಪ್ಟ್‌ಗೆ, ಅಲ್ಲಿಂದ ಕಲ್ಕತ್ತಾಗೆ ಬಂದಿದ್ರು. 1884ರ ಶುರುವಿನಲ್ಲಿ ಕಲ್ಕತ್ತಾದಲ್ಲಿ ಕಾಲರಾದ ಬ್ಯಾಕ್ಟೀರಿಯಾವನ್ನ ಬೇರ್ಪಡಿಸಿ ತೋರಿಸಿದರು. ಅಂದ್ರೆ ನಮ್ಮ ಎಂ.ವಿ. ಕೆಲಸಕ್ಕೆ ಸೇರಿದ ವರ್ಷವೇ ಪ್ರಪಂಚಕ್ಕೆ ನೀರಲ್ಲಿರೋ ಶತ್ರು ಯಾರು ಅಂತ ಗೊತ್ತಾಯ್ತು. ಆದ್ರೂ ಎಷ್ಟೋ ಊರುಗಳು ಅದನ್ನ ಒಪ್ಪಿಕೊಂಡು ಖರ್ಚು ಮಾಡೋಕೆ ತಯಾರಿರಲಿಲ್ಲ.

ಒಂದು ಊರು ಆ ತಪ್ಪಿಗೆ ದೊಡ್ಡ ಬೆಲೆ ಕೊಡ್ತು. 1892ರಲ್ಲಿ ಜರ್ಮನಿಯ ಹ್ಯಾಂಬರ್ಗ್ ಬಂದರಿನಲ್ಲಿ ಕಾಲರಾ ಬಂದು ಸುಮಾರು 8,600 ಜನ ಸತ್ತರು. ಹ್ಯಾಂಬರ್ಗ್ ಎಲ್ಬೆ ನದಿ ನೀರನ್ನ ಫಿಲ್ಟರ್ ಮಾಡದೇ ಕೊಡ್ತಿತ್ತು. ಪಕ್ಕದಲ್ಲೇ ಅಂಟಿಕೊಂಡಿದ್ದ ಆಲ್ಟೋನಾ ಊರು ಕೂಡ ಅದೇ ನದಿ ನೀರನ್ನ, ಅದೂ ಹ್ಯಾಂಬರ್ಗ್‌ನ ಕೊಳಚೆ ಸೇರಿದ ಮೇಲೆ, ಕೆಳಗಡೆಯಿಂದ ಎತ್ತುತ್ತಿತ್ತು. ಆದ್ರೆ ಮರಳಿನ ಮೂಲಕ ಸೋಸಿ ಕೊಡ್ತಿತ್ತು. ಆಲ್ಟೋನಾ ಬಹುಪಾಲು ಉಳಿದುಕೊಳ್ತು. ಒಂದೇ ನದಿ, ಅಕ್ಕಪಕ್ಕದ ಊರು. ಮಧ್ಯೆ ಇದ್ದ ದೊಡ್ಡ ವ್ಯತ್ಯಾಸ ಮರಳು.

ಸುಕ್ಕೂರಿನ ಬಾವಿ

ಹ್ಯಾಂಬರ್ಗ್ ಘಟನೆ ಆಗಿ ಒಂದೆರಡು ವರ್ಷಕ್ಕೆ ವಿಶ್ವೇಶ್ವರಯ್ಯನವರನ್ನ ಸಿಂಧ್‌ನ ಸುಕ್ಕೂರಿಗೆ ಕಳಿಸಿದರು. ಈಗ ಅದು ಪಾಕಿಸ್ತಾನದಲ್ಲಿದೆ, ಆಗ ಬಾಂಬೆ ಪ್ರೆಸಿಡೆನ್ಸಿಗೆ ಸೇರಿತ್ತು. ಅಲ್ಲಿನ ಮುನಿಸಿಪಾಲಿಟಿಗೆ ನೀರು ಸರಬರಾಜು ಮಾಡಿಕೊಡೋದು ಕೆಲಸ. ಮುದ್ದೇನಹಳ್ಳಿ ಹುಡುಗನಿಗೆ ಅದು ಎಲ್ಲ ರೀತಿಯಲ್ಲೂ ಪರವೂರು. ಭಾಷೆ ಬೇರೆ, ಊಟ ಬೇರೆ, ಬಿಸಿಲು ಬೇರೆ.

ಸುಕ್ಕೂರು ಸಿಂಧೂ ನದಿಯ ದಡದಲ್ಲೇ ಇದೆ. ಹಾಗಾದ್ರೆ ನೀರಿನ ತೊಂದರೆ ಏನು? ತೊಂದರೆ ಅಂದ್ರೆ ಸಿಂಧೂ ನೀರು ಮಣ್ಣು, ಮರಳು ತುಂಬಿ ಬರ್ತಿತ್ತು. ಅದನ್ನ ಎತ್ತಿ ಗುಡ್ಡದ ಮೇಲಿನ ಟ್ಯಾಂಕಿಗೆ ಹಾಕಿ ಊರಿಗೆ ಬಿಡಬಹುದು, ಆದ್ರೆ ಕುಡಿಯೋಕೆ ಆಗಲ್ಲ. ಸೋಸೋಕೆ ದೊಡ್ಡ ಫಿಲ್ಟರ್ ಬೆಡ್‌ಗಳು ಬೇಕು. ಅದಕ್ಕೆ ಬೇಕಾದಷ್ಟು ದುಡ್ಡು ಮುನಿಸಿಪಾಲಿಟಿ ಹತ್ತಿರ ಇರಲಿಲ್ಲ.

ಇಲ್ಲಿ ಎಂ.ವಿ. ಮಾಡಿದ್ದು ನಮ್ಮ ಸೆಕೆಂಡ್ ಇಯರ್ ಬುದ್ಧಿಗೂ ಅರ್ಥ ಆಗೋವಷ್ಟು ಸರಳ. ಫಿಲ್ಟರ್ ಕಟ್ಟೋಕೆ ದುಡ್ಡಿಲ್ಲ, ಆದ್ರೆ ನದಿಯ ತಳದಲ್ಲೇ ಪುಕ್ಕಟೆ ಮರಳು ರಾಶಿ ಬಿದ್ದಿದೆ. ಹಾಗಾಗಿ ದಡದ ಹತ್ತಿರ ನದಿಯ ಪಾತ್ರದಲ್ಲೇ ಒಂದು ಬಾವಿ ತೋಡಿಸಿದರು. ಮರಳಿನ ಪದರಗಳ ಮೂಲಕ ಜಿನುಗಿ ಬಂದ ನೀರು ಬಾವಿಯಲ್ಲಿ ಸೇರುತ್ತಿತ್ತು. ಇನ್ನೂ ಹೆಚ್ಚು ನೀರು ಬರಲಿ ಅಂತ ಬಾವಿಯಿಂದ ನದಿಯ ತಳದ ಕೆಳಗೆ ಸುರಂಗ ಕೊರೆಸಿದರು. ಮೇಲೆ ಕೆಸರು ನೀರು ಹರೀತಿದ್ರೂ ಬಾವಿಯಲ್ಲಿ ತಿಳಿ ನೀರು. ಅದನ್ನ ಪಂಪ್ ಮಾಡಿ ಗುಡ್ಡಕ್ಕೆ ಏರಿಸಿದರು. 1895ರಲ್ಲಿ ಕೆಲಸ ಮುಗೀತು.

ಇದು ಪ್ರಪಂಚಕ್ಕೇ ಹೊಸ ಐಡಿಯಾ ಏನಲ್ಲ. ಜರ್ಮನಿಯ ಡುಸೆಲ್‌ಡಾರ್ಫ್ ನಗರ ರೈನ್ ನದಿಯ ದಡದಲ್ಲಿ 1870ರಿಂದಲೇ ಹೀಗೆ ನೀರು ತೆಗೀತಿತ್ತು. ಇಲ್ಲಿ ದೊಡ್ಡದು ಏನಂದ್ರೆ, ದುಡ್ಡಿಲ್ಲ ಅನ್ನೋ ಕಾರಣಕ್ಕೆ ಸುಕ್ಕೂರಿನ ಜನ ಕೆಸರು ನೀರು ಕುಡೀಲಿ ಅಂತ ಅವರು ಬಿಡಲಿಲ್ಲ. ಬಜೆಟ್ ಕಡಿಮೆ ಇದ್ದಾಗ ಸುರಕ್ಷತೆ ಕಡಿಮೆ ಮಾಡಲಿಲ್ಲ, ಡಿಸೈನ್ ಬದಲಾಯಿಸಿದರು. ಇದನ್ನ ನಾವು ಪ್ರಾಜೆಕ್ಟ್ ಮಾಡುವಾಗ ನೆನಪಿಟ್ಟುಕೊಂಡ್ರೆ ಸಾಕು.

ಮರಳು ಹೇಗೆ ಕೆಲಸ ಮಾಡುತ್ತೆ ಅಂತ ಈಗ ಚೆನ್ನಾಗಿ ಗೊತ್ತಿದೆ. ದೊಡ್ಡ ಕಣಗಳು ಮರಳಿನ ಸಂದಿಯಲ್ಲಿ ಸಿಕ್ಕಿಹಾಕಿಕೊಳ್ತವೆ. ಸಣ್ಣವು ಮರಳಿನ ಮೈಗೆ ಅಂಟಿಕೊಳ್ತವೆ. ಅಲ್ಲೇ ಬೆಳೆದ ಸೂಕ್ಷ್ಮಜೀವಿಗಳ ಲೋಳೆ ಪದರ ಕೊಳೆಯನ್ನ ತಿಂದುಹಾಕುತ್ತೆ. ರೋಗದ ಬ್ಯಾಕ್ಟೀರಿಯಾಗಳಿಗೆ ನೆಲದೊಳಗೆ ಊಟ ಇಲ್ಲ, ದಿನ ಕಳೆದಂತೆ ಸಾಯ್ತವೆ. ಜರ್ಮನಿಯಲ್ಲಿ ಕುಡಿಯೋ ನೀರಿನ ಬಾವಿಗೆ ನೆಲದಡಿ ನೀರು ಬರೋಕೆ 50 ದಿನ ಹಿಡಿಯೋ ಅಷ್ಟು ಜಾಗವನ್ನ ವಿಶೇಷ ರಕ್ಷಣಾ ವಲಯ ಅಂತ ಗುರುತಿಸ್ತಾರೆ. ಬರ್ಲಿನ್‌ನಲ್ಲಿ ಇವತ್ತಿಗೂ ಕುಡಿಯೋ ನೀರಿನ ಅರ್ಧಕ್ಕಿಂತ ಹೆಚ್ಚು ಪಾಲು ನದಿ, ಕೆರೆಗಳ ದಡದ ಮರಳಲ್ಲಿ ಸೋಸಿ ಬಂದದ್ದು. ಅಲ್ಲಿ ಓದ್ತಿರೋ ನಮ್ಮವರು ಬಾಟಲ್ ಕೊಳ್ಳದೇ ನಲ್ಲಿ ನೀರು ಕುಡೀತಾರಲ್ಲ, ಅದರ ಹಿಂದೆ ಇರೋದು ಸುಕ್ಕೂರಿನ ಬಾವಿಯದೇ ತತ್ವ.

ಏಡನ್

ಸುಕ್ಕೂರಿನ ನಂತರ ಸೂರತ್, ಪುಣೆ ಹೀಗೆ ಊರೂರು ಸುತ್ತಿದರು. ಬಾಂಬೆ ಸರ್ಕಾರದ ಸ್ಯಾನಿಟರಿ ಎಂಜಿನಿಯರ್ ಆಗಿಯೂ ಕೆಲಸ ಮಾಡಿದರು. ಆ ಕಾಲಕ್ಕೆ ಧಾರವಾಡ, ವಿಜಯಪುರ ಬಾಂಬೆ ಪ್ರೆಸಿಡೆನ್ಸಿಯಲ್ಲಿದ್ದವು, ಅಲ್ಲಿನ ನೀರಿನ ಯೋಜನೆಗಳಲ್ಲೂ ಅವರ ಕೈ ಇತ್ತು. ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿ 1903ರಲ್ಲಿ ಅವರ ಆಟೋಮ್ಯಾಟಿಕ್ ಗೇಟುಗಳು ಬಂದವು. ಅದರ ಬಗ್ಗೆ ಬೇರೆಯವರು ಸಾಕಷ್ಟು ಬರೆದಿದ್ದಾರೆ.

1906ರಲ್ಲಿ ಭಾರತ ಸರ್ಕಾರ ಅವರನ್ನ ಏಡನ್‌ಗೆ ಕಳಿಸಿತು. ಈಗಿನ ಯೆಮೆನ್ ದೇಶದ ಬಂದರು. ಸೂಯೆಜ್ ಕಾಲುವೆ 1869ರಲ್ಲಿ ಶುರುವಾದ ಮೇಲೆ ಬಾಂಬೆಯಿಂದ ಯುರೋಪಿಗೆ ಹೋಗೋ ಹಡಗುಗಳು ಕಲ್ಲಿದ್ದಲು, ನೀರು ತುಂಬಿಸಿಕೊಳ್ಳೋಕೆ ಅಲ್ಲಿ ನಿಲ್ತಿದ್ವು. ಬ್ರಿಟಿಷ್ ಸೈನ್ಯವೂ ಅಲ್ಲಿತ್ತು. ನಮ್ಮ ಕಾಲದ ದುಬೈ ಏರ್‌ಪೋರ್ಟ್ ಇದ್ದ ಹಾಗೆ ಅಂದುಕೊಳ್ಳಿ, ಎಲ್ಲ ದೇಶದವರೂ ಹಾದು ಹೋಗೋ ಜಾಗ. ಆದ್ರೆ ಮಳೆ ಇಲ್ಲದ, ಬರೀ ಬಂಡೆಯ ಊರು. ಹಳೇ ಕಾಲದ ಕಲ್ಲಿನ ತೊಟ್ಟಿಗಳಲ್ಲಿ ಮಳೆ ಬಂದಾಗಷ್ಟೇ ನೀರು. ಉಳಿದಂತೆ ಸಮುದ್ರದ ನೀರು ಕಾಯಿಸಿ ಆವಿ ಮಾಡಿ ತಣಿಸಿ ಕುಡೀತಿದ್ರು. ಅದಕ್ಕೆ ಕಲ್ಲಿದ್ದಲು ಸುಡಬೇಕು, ಖರ್ಚು ಜಾಸ್ತಿ.

ಇಂಥ ಬಂದರಿನಲ್ಲಿ ನೀರು ಕೆಟ್ಟರೆ ಅಲ್ಲಿನವರು ಮಾತ್ರ ಕಾಯಿಲೆ ಬೀಳಲ್ಲ. ಹಡಗಿನಲ್ಲಿ ಹೋಗೋರು ರೋಗವನ್ನ ಮುಂದಿನ ಬಂದರಿಗೂ ಹೊತ್ತುಕೊಂಡು ಹೋಗ್ತಾರೆ. ಕಾಲರಾ ಪ್ರಪಂಚ ಸುತ್ತಿದ್ದೇ ಪ್ರವಾಸಿಗಳ ಜೊತೆ.

ಎಂ.ವಿ. ಊರೊಳಗೆ ಕೂತು ಲೆಕ್ಕ ಹಾಕಲಿಲ್ಲ. ಏಡನ್‌ನಲ್ಲಿ ಮಳೆ ಇಲ್ಲ ಸರಿ, ಹತ್ತಿರದಲ್ಲಿ ಎಲ್ಲಿ ಮಳೆ ಬೀಳುತ್ತೆ ಅಂತ ಹುಡುಕಿದರು. ಉತ್ತರಕ್ಕೆ ಲಾಹೆಜ್ ಕಡೆ ಬೆಟ್ಟಗಳಲ್ಲಿ ಮಳೆ ಬಿದ್ದು, ಆ ನೀರು ಹೊಳೆಯಾಗಿ ಇಳಿದು ಸಮುದ್ರಕ್ಕೆ ತಲುಪೋ ಮುಂಚೆಯೇ ಮರಳಲ್ಲಿ ಇಂಗಿ ಹೋಗ್ತಿತ್ತು. ಆ ಮರಳಲ್ಲಿ ಬಾವಿ ತೋಡಿ, ಅಲ್ಲಿಂದ ಪಂಪ್ ಮಾಡಿ ಏಡನ್‌ಗೆ ತರಬೇಕು ಅನ್ನೋದು ಅವರ ಸಲಹೆ. ಜೊತೆಗೆ ಊರಿನ ಚರಂಡಿ ವ್ಯವಸ್ಥೆಗೂ ಯೋಜನೆ ಕೊಟ್ಟರು. ಸುಕ್ಕೂರಿನ ಪಾಠ ಅರಬ್ ನಾಡಿನಲ್ಲಿ ಉಪಯೋಗಕ್ಕೆ ಬಂತು.

ನೀರು ಮತ್ತು ಚರಂಡಿ ಎರಡನ್ನೂ ಒಟ್ಟಿಗೆ ನೋಡೋದು ಅವರ ಕ್ರಮ. ಒಳ್ಳೆ ನೀರು ಕೊಟ್ಟು ಕೊಳಕು ನೀರನ್ನ ಬೀದಿಯಲ್ಲೇ ಬಿಟ್ರೆ, ನಾಲ್ಕು ದಿನಕ್ಕೆ ಅದು ಬಾವಿಗೇ ವಾಪಸ್ ಬರುತ್ತೆ.

ಆರು ವಿದೇಶ ಪ್ರವಾಸ

ಕೆಲಸದ ಮೇಲೆ ಹೋದದ್ದು ಬಿಟ್ಟು ವಿಶ್ವೇಶ್ವರಯ್ಯ ಆರು ಸಲ ವಿದೇಶ ಸುತ್ತಿದರು. ಮೊದಲು 1898ರಲ್ಲಿ ಜಪಾನ್. ಕೊನೆಯದು 1946ರಲ್ಲಿ ಅಮೆರಿಕ, ಆಗ ಅವರ ವಯಸ್ಸು 85ರ ಹತ್ತಿರ! ನಮ್ಮಲ್ಲಿ ಕೆಲವರಿಗೆ ಹಾರಂಗಿ ತನಕ ಬಸ್ಸಲ್ಲಿ ಕೂತ್ರೆ ಸುಸ್ತು. ವಿಮಾನಯಾನ ಸಾಮಾನ್ಯ ಆಗೋ ಮುಂಚೆ ಇವೆಲ್ಲ ವಾರಗಟ್ಟಲೆ ಹಡಗಿನ ಪ್ರಯಾಣ. ಅವರು ಸಸ್ಯಾಹಾರಿ, ಊಟದಲ್ಲಿ ಮಿತ, ಸಮಯಕ್ಕೆ ಸರಿಯಾಗಿ ಊಟ ಮಾಡೋರು. ನೂರು ವರ್ಷ ದಾಟಿ ಬದುಕಿದ್ದಕ್ಕೆ ಇದೇ ಕಾರಣ ಅಂತ ನಾನು ಹೇಳಲ್ಲ, ಅದಕ್ಕೆ ಅದೃಷ್ಟವೂ ಬೇಕು. ಆದ್ರೆ ಪ್ರಯಾಣದಲ್ಲಿ ಹೊಟ್ಟೆ ಕೆಡಿಸಿಕೊಳ್ಳದೇ ಇರೋಕೆ ಮಿತಿ ಒಳ್ಳೇ ಅಭ್ಯಾಸ ಅನ್ನೋದಂತೂ ನಿಜ.

1908ರಲ್ಲಿ ಬಾಂಬೆ ಸರ್ಕಾರದ ಕೆಲಸ ಬಿಟ್ಟು ದೊಡ್ಡ ಪ್ರವಾಸ ಹೊರಟರು. ಅದೇ 1908ರಲ್ಲಿ ಅಮೆರಿಕದ ಜರ್ಸಿ ಸಿಟಿಯಲ್ಲಿ ಊರಿನ ಇಡೀ ನೀರಿಗೆ ದಿನಾ ಕ್ಲೋರಿನ್ ಹಾಕೋ ಪದ್ಧತಿ ಶುರುವಾಯ್ತು. ಸುಕ್ಕೂರಿನ ಕಾಲದಲ್ಲಿ ಮರಳು ಮಾತ್ರ ಇತ್ತು, ಈಗ ಎರಡನೇ ಬೇಲಿಯೂ ಬಂತು. ಮೂಲ ಒಳ್ಳೇದಿರಬೇಕು, ಆಮೇಲೆ ಸೋಸಬೇಕು, ಆಮೇಲೆ ಕ್ಲೋರಿನ್, ಆಮೇಲೆ ಸೋರದ ಪೈಪು. ಒಂದು ಬೇಲಿ ಮುರಿದ್ರೂ ಇನ್ನೊಂದು ತಡೆಯುತ್ತೆ ಅನ್ನೋದು ಇವತ್ತಿನ ನೀರಿನ ಎಂಜಿನಿಯರಿಂಗ್‌ನ ಮೂಲ.

ಅವರು ಯುರೋಪಿನಲ್ಲಿದ್ದಾಗ ಹೈದರಾಬಾದ್‌ನಿಂದ ಕರೆ ಬಂತು. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತಿದ್ದರು. 1909ರಲ್ಲಿ ಅಲ್ಲಿಗೆ ಹೋಗಿ ಪ್ರವಾಹ ತಡೆಗೆ ಊರಿನ ಮೇಲ್ಗಡೆ ಜಲಾಶಯಗಳ ಯೋಜನೆ ಕೊಟ್ಟರು, ಒಳಚರಂಡಿಗೂ ಯೋಜನೆ ಮಾಡಿದರು. 1920ರಲ್ಲಿ ಮುಗಿದ ಉಸ್ಮಾನ್ ಸಾಗರ ಪ್ರವಾಹ ತಡೆಯೋದರ ಜೊತೆಗೆ ಹೈದರಾಬಾದ್‌ಗೆ ಕುಡಿಯೋ ನೀರನ್ನೂ ಕೊಡ್ತು.

ಮತ್ತೆ ನಮ್ಮೂರಿಗೆ

1909ರ ಕೊನೆಗೆ ಅವರು ಮೈಸೂರು ಸಂಸ್ಥಾನದ ಚೀಫ್ ಎಂಜಿನಿಯರ್ ಆಗಿ ಬಂದರು. 1911ರಲ್ಲಿ ಕೆಆರ್‌ಎಸ್ ಕೆಲಸ ಶುರು. 1912ರಿಂದ 1918ರ ತನಕ ದಿವಾನರು. 1915ರಲ್ಲಿ ಸರ್ ಪದವಿ, 1955ರಲ್ಲಿ ಭಾರತರತ್ನ. 1962ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಇದೆಲ್ಲ ನಿಮಗೆ ಕ್ವಿಜ್‌ನಿಂದ ಗೊತ್ತಿರುತ್ತೆ, ಮತ್ತೆ ಹೇಳಲ್ಲ.

ಹಾರಂಗಿ ಡ್ಯಾಮ್ ಅವರು ತೀರಿಕೊಂಡು ಇಪ್ಪತ್ತು ವರ್ಷ ಆದ ಮೇಲೆ ಮುಗಿದದ್ದು, ಅದು ಅವರ ಕೆಲಸ ಅಲ್ಲ. ಆದ್ರೆ ಹಾರಂಗಿ ಹೊಳೆಯ ನೀರು ಅದಕ್ಕಿಂತ ತುಂಬಾ ಮುಂಚಿನಿಂದಲೂ ಅವರ ಕೆಆರ್‌ಎಸ್‌ಗೆ ಬಂದು ಸೇರ್ತಿತ್ತು. ಮೇಲಿನ ಊರಿನವರು ಹೊಳೆಗೆ ಏನು ಹಾಕ್ತಾರೋ ಅದು ಕೆಳಗಿನವರ ಲೋಟಕ್ಕೆ ಬರುತ್ತೆ. ಹಿನ್ನೀರಿನ ದಡದಲ್ಲಿ ಪಾರ್ಟಿ ಮಾಡಿ ಪ್ಲೇಟು, ಬಾಟಲಿ ಎಸೆದು ಬರೋರು ಇದನ್ನ ಒಂದು ನಿಮಿಷ ಯೋಚಿಸಬೇಕು. ಎಲ್ಬೆ ನದಿಯಲ್ಲಿ ಹ್ಯಾಂಬರ್ಗ್ ಮೇಲೆ, ಆಲ್ಟೋನಾ ಕೆಳಗೆ. ಕಾವೇರಿಯಲ್ಲಿ ಕೊಡಗು ಮೇಲೆ, ನಾವು ಕೆಳಗೆ.

ನಾವು ಹೊರಟಾಗ

ಎಂ.ವಿ. ಥರ ಒಬ್ಬರು ಮುಂಚೆಯೇ ಬಂದು ಕೆಲಸ ಮಾಡಿಟ್ಟ ಊರಲ್ಲಿ ನಲ್ಲಿ ನೀರು ಧೈರ್ಯವಾಗಿ ಕುಡಿಬಹುದು. ಜರ್ಮನಿ, ಜಪಾನ್‌ನಂಥ ದೇಶಗಳಲ್ಲಿ ಸಾಮಾನ್ಯವಾಗಿ ತೊಂದರೆ ಇಲ್ಲ. ಆ ಕೆಲಸ ಆಗದ ಕಡೆ ನಮ್ಮ ಪಾಲಿನ ಎಂಜಿನಿಯರ್ ನಾವೇ ಆಗಬೇಕು. ಹೋಗೋ ಮುಂಚೆ ಆ ದೇಶದ ನೀರಿನ ಬಗ್ಗೆ ತಿಳ್ಕೊಳ್ಳಿ. ಗೊತ್ತಿಲ್ಲದಿದ್ರೆ ಕುಡಿಯೋಕೂ ಹಲ್ಲುಜ್ಜೋಕೂ ಸೀಲ್ ಒಡೆಯದ ಬಾಟಲ್ ಅಥವಾ ಕುದಿಸಿದ ನೀರು ಬಳಸಿ.

ಬಹಳ ಜನ ಬಾಟಲ್ ನೀರು ಕೊಂಡು, ಜ್ಯೂಸಿಗೆ ಮಾತ್ರ ಐಸ್ ಹಾಕಿಸಿಕೊಳ್ತಾರೆ. ಐಸ್ ಮಾಡಿದ್ದು ಯಾವ ನೀರಲ್ಲಿ? ಸಲಾಡ್ ತೊಳೆದದ್ದು ಯಾವ ನೀರಲ್ಲಿ? ನೀರು ಲೋಟದಲ್ಲಿ ಮಾತ್ರ ಇರಲ್ಲ, ತಟ್ಟೆಯಲ್ಲೂ ಇರುತ್ತೆ. ಅದಕ್ಕೇ ಹಬೆ ಏಳೋ ಹಾಗೆ ಬಿಸಿ ಇರೋ ಊಟ, ನೀವೇ ಸಿಪ್ಪೆ ಸುಲಿದ ಹಣ್ಣು ವಾಸಿ. ಊಟಕ್ಕೆ ಮುಂಚೆ ಸೋಪಲ್ಲಿ ಕೈ ತೊಳೆಯೋದು ಅಜ್ಜಿ ಹೇಳೋ ಮಾತು ಅಂತ ತಳ್ಳಿಹಾಕಬೇಡಿ.

ಕುದಿಸೋದು ಅತಿ ಹಳೇ, ಅತಿ ನಂಬಿಕೆಯ ದಾರಿ. ಚೆನ್ನಾಗಿ ಗುಳ್ಳೆ ಎದ್ದು ಒಂದು ನಿಮಿಷ ಕುದಿಸಿದ್ರೆ ಸಾಕು, 2000 ಮೀಟರಿಗಿಂತ ಎತ್ತರದ ಜಾಗದಲ್ಲಿ ಮೂರು ನಿಮಿಷ. ಹಾರಂಗಿ ಸುಮಾರು 870 ಮೀಟರ್ ಎತ್ತರದಲ್ಲಿದೆ. ಅಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತೆ, ರೋಗಾಣು ಸಾಯೋಕೆ ಅಷ್ಟು ಬಿಸಿ ಧಾರಾಳ. ಕ್ಲೋರಿನ್ ಮಾತ್ರೆ ಬ್ಯಾಗಲ್ಲಿದ್ರೆ ಒಳ್ಳೇದೇ. ಆದ್ರೆ ಕ್ರಿಪ್ಟೋಸ್ಪೊರಿಡಿಯಂ ಅನ್ನೋ ಪರಾವಲಂಬಿ ಜೀವಿ ಕ್ಲೋರಿನ್‌ಗೆ ಜಗ್ಗಲ್ಲ, ಕುದಿಸಿದ್ರೆ ಸಾಯುತ್ತೆ.

ಇಷ್ಟೆಲ್ಲ ಮಾಡಿದ್ರೂ ಹೊಟ್ಟೆ ಕೆಟ್ಟರೆ ಮೊದಲ ಅಪಾಯ ಮೈಯಲ್ಲಿನ ನೀರು, ಉಪ್ಪು ಹೋಗೋದು. ಓಆರ್‌ಎಸ್ ಪ್ಯಾಕೆಟ್ ಎರಡು ಇಟ್ಕೊಳ್ಳಿ, ಮೇಲೆ ಬರೆದಷ್ಟೇ ಶುದ್ಧ ನೀರಿನಲ್ಲಿ ಕಲಸಿ. ಪ್ಯಾಕೆಟ್ ಸಿಗದಿದ್ರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಜ್ವರ ಬಂದ್ರೆ, ಮಲದಲ್ಲಿ ರಕ್ತ ಕಂಡ್ರೆ, ನೀರೂ ಹೊಟ್ಟೆಯಲ್ಲಿ ನಿಲ್ಲದಿದ್ರೆ ತಡ ಮಾಡದೇ ಡಾಕ್ಟರ್ ಹತ್ತಿರ ಹೋಗಿ.

ಈ ಸಲ ಎಂಜಿನಿಯರ್ಸ್ ಡೇಗೆ ಕೆಆರ್‌ಎಸ್ ಮಾಡೆಲ್ ಬದಲು ಯಾರಾದ್ರೂ ಸುಕ್ಕೂರಿನ ಬಾವಿ ಮಾಡಿ ನೋಡಿ. ಒಂದು ಗಾಜಿನ ತೊಟ್ಟಿ, ಒಂದು ಬುಟ್ಟಿ ಮರಳು, ತೂತು ಕೊರೆದ ಒಂದು ಪೈಪು, ಒಂದು ಬಕೆಟ್ ಕೆಸರು ನೀರು ಸಾಕು. ಪೈಪಿನೊಳಗೆ ತಿಳಿ ನೀರು ಬರೋದನ್ನ ಜೂನಿಯರ್ಸ್‌ಗೆ ತೋರಿಸಿ. ಆಮೇಲೆ ಅದನ್ನ ಕುಡಿಬಹುದಾ ಅಂತ ಅವರನ್ನೇ ಕೇಳಿ.